ಉಪ್ಪುನೀರಿನಲ್ಲಿ ಮೊಟ್ಟೆ ತೇಲುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಸಾದಾ ನೀರಿಗೆ ಬಿಟ್ಟ ಮೊಟ್ಟೆ ಮುಳುಗಬೇಕು. ಉಪ್ಪು ಕರಗಿಸಿದ ನೀರಿಗೆ ಬಿಟ್ಟರೆ ತೇಲಬೇಕು. ಸಾಂದ್ರತೆ ಮತ್ತು ತೇಲುವಿಕೆಯನ್ನು ಮನೆಯಲ್ಲೇ ತೋರಿಸುವುದಕ್ಕೆ ಇದಕ್ಕಿಂತ ಸುಲಭದ ಪ್ರಯೋಗ ಸಿಗುವುದು ಕಷ್ಟ. ಆದರೂ ಇದು ಆಗಾಗ ಕೈಕೊಡುತ್ತದೆ. ಚಮಚದ ಮೇಲೆ ಚಮಚ ಉಪ್ಪು ಹಾಕಿದರೂ ಮೊಟ್ಟೆ ತಳ ಬಿಡುವುದಿಲ್ಲ. ಕೆಲವೊಮ್ಮೆ ಉಪ್ಪು ಹಾಕುವ ಮೊದಲೇ ತೇಲಿಬಿಡುತ್ತದೆ. ಇಲ್ಲವೇ ನೀರಿನ ನಡುವೆ ಎಲ್ಲೋ ನಿಂತುಬಿಡುತ್ತದೆ.

ಹೀಗಾದಾಗ ಬಹಳ ಜನ ಮಾಡುವ ಮೊದಲ ಕೆಲಸ ಇನ್ನಷ್ಟು ಉಪ್ಪು ಸುರಿಯುವುದು. ದಯವಿಟ್ಟು ಅದಕ್ಕೆ ಅವಸರ ಮಾಡಬೇಡಿ. ಉಪ್ಪು ಲೋಟಕ್ಕೆ ಬಿದ್ದರೆ ಸಾಲದು. ಅದು ಪೂರ್ತಿ ಕರಗಿ, ಮೇಲಿನಿಂದ ತಳದವರೆಗೆ ಒಂದೇ ಸಮ ಹರಡಬೇಕು. ಈ ಪ್ರಯೋಗದ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ.

ಮೊದಲು ನಾಲ್ಕು ಅಂಕಿ

ಸಾದಾ ನೀರಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1 ಗ್ರಾಂ. ತಾಜಾ ಕೋಳಿಮೊಟ್ಟೆಯದು ಸುಮಾರು 1.08. ದಿನ ಕಳೆದಂತೆ ಇದು ಇಳಿಯುತ್ತದೆ. ತೂಕದಲ್ಲಿ ನೂರಕ್ಕೆ 10 ಪಾಲು ಉಪ್ಪಿರುವ ನೀರಿನದು 1.07. ಇನ್ನು ಒಂದು ಕಾಳೂ ಕರಗಲಾರದಷ್ಟು ಉಪ್ಪು ತುಂಬಿದ ನೀರಿನದು ಸುಮಾರು 1.2.

ಮುಳುಗಿದ ವಸ್ತು ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಾಗೆ ಸರಿದ ನೀರಿನ ತೂಕ ಎಷ್ಟೋ, ಅಷ್ಟೇ ಬಲದಿಂದ ನೀರು ವಸ್ತುವನ್ನು ಮೇಲಕ್ಕೆ ನೂಕುತ್ತದೆ. ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಕಂಡುಕೊಂಡಿದ್ದು ಇದನ್ನೇ. ಉಪ್ಪು ಕರಗಿದರೆ ಅಷ್ಟೇ ಜಾಗದ ನೀರಿನ ತೂಕ ಹೆಚ್ಚುತ್ತದೆ, ನೂಕುವ ಬಲವೂ ಹೆಚ್ಚುತ್ತದೆ. ಮೊಟ್ಟೆ ಬದಲಾಗಿರುವುದಿಲ್ಲ, ಬದಲಾಗಿದ್ದು ನೀರು ಮಾತ್ರ. ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮೊಟ್ಟೆಗೂ ಸಾದಾ ನೀರಿಗೂ ಇರುವ ಅಂತರ ನೂರಕ್ಕೆ ಎಂಟರಷ್ಟೇ. ಇಷ್ಟು ಕಿರಿದಾದ ಅಂತರದಲ್ಲಿ ಪ್ರಯೋಗ ನಡೆಯುವುದರಿಂದ ಸಣ್ಣ ಸಣ್ಣ ತಪ್ಪುಗಳೂ ಎದ್ದು ಕಾಣುತ್ತವೆ.

ಕೆಳಗಿನ ಲೆಕ್ಕಗಳೆಲ್ಲ 300 ಮಿಲಿಲೀಟರ್ ನೀರಿಗೆ. ಮೊಟ್ಟೆ ಸುಮಾರು 55 ಮಿಲಿಲೀಟರ್ ಜಾಗ ಹಿಡಿಯುತ್ತದೆ, ಹಾಗಾಗಿ ಪಾತ್ರೆ ಕನಿಷ್ಠ 450 ಮಿಲಿಲೀಟರಿನದಾಗಿರಲಿ. ಒಳಗೆ ಕಾಣುವಂತೆ ಪಾರದರ್ಶಕವಾಗಿರಲಿ.

ಲಕ್ಷಣ: ಉಪ್ಪು ಹಾಕಿದರೂ ಮೊಟ್ಟೆ ತಳದಲ್ಲೇ ಇದೆ

ಮೊದಲು ಪಾತ್ರೆಯ ತಳ ನೋಡಿ. ಮೊಟ್ಟೆಯನ್ನು ಹೊರಗೆ ತೆಗೆದು, ಪಾತ್ರೆಯನ್ನು ಬೆಳಕಿಗೆ ಹಿಡಿದು, ಕೆಳಗಿನಿಂದ ನೋಡಿ. ಬಿಳಿ ಪದರ ಅಥವಾ ಹರಳು ಕಂಡರೆ ಆ ಉಪ್ಪು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಚಮಚದಿಂದ ತಳ ಕೆರೆಯುತ್ತಾ ಎರಡು ನಿಮಿಷ ಕಲಕಿ. ಪುಡಿ ಉಪ್ಪು ಬೇಗ ಕರಗುತ್ತದೆ. ಕಲ್ಲುಪ್ಪಿಗೆ ಜಾಸ್ತಿ ಹೊತ್ತು ಬೇಕು, ಕುಟ್ಟಿ ಹಾಕುವುದು ಒಳ್ಳೆಯದು. ಮೊಟ್ಟೆ ಒಳಗಿರುವಾಗ ಜೋರಾಗಿ ಕಲಕಬೇಡಿ. ಚಿಪ್ಪು ಒಡೆಯುವ ಭಯ ಒಂದು ಕಡೆ. ಇನ್ನೊಂದು ಕಡೆ, ಮೊಟ್ಟೆ ಅಡ್ಡ ಇದ್ದರೆ ತಳದ ಉಪ್ಪಿಗೆ ಚಮಚವೇ ತಾಗುವುದಿಲ್ಲ.

ಬಿಸಿನೀರು ಹಾಕಿದರೆ ಉಪ್ಪು ಬೇಗ ಕರಗುತ್ತದೆ, ನಿಜ. ಆದರೆ ಜಾಸ್ತಿ ಉಪ್ಪು ಕರಗುತ್ತದೆ ಅನ್ನುವ ನಂಬಿಕೆ ಅಷ್ಟು ಸರಿಯಲ್ಲ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಿದರೆ, ಕುದಿಯುವ ನೀರಿನಲ್ಲಿ 39 ಗ್ರಾಂ. ಸಕ್ಕರೆಯ ಹಾಗೆ ಉಪ್ಪು ಬಿಸಿಗೆ ಹೆಚ್ಚು ಸ್ಪಂದಿಸುವುದಿಲ್ಲ. ಜೊತೆಗೆ ಬಿಸಿನೀರು ಹಿಗ್ಗಿರುತ್ತದೆ. 60 ಡಿಗ್ರಿಯ ನೀರಿನ ಸಾಂದ್ರತೆ 0.983. ಅಂದರೆ ನೀವು ಉಪ್ಪಿನಿಂದ ಗಳಿಸಿದ್ದರಲ್ಲಿ ಸ್ವಲ್ಪ ಬಿಸಿಯಿಂದಲೇ ಕಳೆದುಕೊಂಡಿರುತ್ತೀರಿ. ಬಿಸಿಯಲ್ಲಿ ಕರಗಿಸಿದ್ದರೆ ಪೂರ್ತಿ ಆರಲು ಬಿಡಿ, ಆಮೇಲೆ ಮೊಟ್ಟೆ ಬಿಡಿ.

ಎರಡನೆಯದು, ಪ್ರಮಾಣ. ಮಟ್ಟ ಮಾಡಿದ ಒಂದು ಟೀ ಚಮಚದಲ್ಲಿ ಪುಡಿ ಉಪ್ಪು 5ರಿಂದ 6 ಗ್ರಾಂ ಹಿಡಿಯುತ್ತದೆ. ತಾಜಾ ಮೊಟ್ಟೆಗೆ 300 ಮಿಲಿಲೀಟರ್ ನೀರಿನಲ್ಲಿ ಸುಮಾರು 35ರಿಂದ 45 ಗ್ರಾಂ ಉಪ್ಪು ಬೇಕು, ಅಂದರೆ ಆರರಿಂದ ಎಂಟು ಚಮಚ. ಎರಡೋ ಮೂರೋ ಚಮಚ ಹಾಕಿ ಪ್ರಯೋಗ ಕೆಟ್ಟಿತು ಅಂತ ಬೇಸರಪಡುವವರೇ ಜಾಸ್ತಿ. ಸಮುದ್ರದ ನೀರಿನ ಸಾಂದ್ರತೆಯೇ ಸುಮಾರು 1.025. ತಾಜಾ ಮೊಟ್ಟೆ ಸಮುದ್ರದ ನೀರಿನಲ್ಲೂ ಮುಳುಗುತ್ತದೆ! ಎರಡು ಚಮಚ ಉಪ್ಪು ಹಾಕಿದರೆ ನಿಮ್ಮ ನೀರು ಸಿಗುವುದು ಹೆಚ್ಚುಕಡಿಮೆ ಅದೇ ಹಂತದಲ್ಲಿ.

ಮೂರನೆಯದು, ಪಾತ್ರೆಯ ಆಕಾರ. ಕೆಳಗೆ ಕಿರಿದಾಗುತ್ತಾ ಹೋಗುವ ಲೋಟದಲ್ಲಿ ಮೊಟ್ಟೆ ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಚಮಚದ ಹಿಡಿಯಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಸಡಿಲವಾಗಿ ಉರುಳಿದರೆ ಸರಿ. ಉರುಳದಿದ್ದರೆ ಪಾತ್ರೆ ಬದಲಿಸಿ. ನೀರಿನ ಆಳವನ್ನೂ ನೋಡಿ. ಮೊಟ್ಟೆಯ ಉದ್ದದ ಎರಡರಷ್ಟಾದರೂ ನೀರು ನಿಲ್ಲಬೇಕು, ಇಲ್ಲದಿದ್ದರೆ ಅದು ತಳ ಬಿಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

50 ಗ್ರಾಂ ಉಪ್ಪು ಪೂರ್ತಿ ಕರಗಿ, ನೀರು ಆರಿ, ಮೊಟ್ಟೆ ಸಡಿಲವಾಗಿದ್ದರೂ ಮೇಲೇಳಲಿಲ್ಲವೇ? ಹಾಗಾದರೆ ಕೊರತೆ ಉಪ್ಪಿನದಲ್ಲ. ಆ ನೀರಿನ ಸಾಂದ್ರತೆ 1.10 ದಾಟಿರುತ್ತದೆ, ಎಂಥ ತಾಜಾ ಮೊಟ್ಟೆಯೂ ತೇಲಲೇಬೇಕು. ಡಬ್ಬಿಯಲ್ಲಿರುವುದು ಉಪ್ಪೇ ಹೌದಾ ಅಂತ ನೋಡಿ. ಸಕ್ಕರೆಯಿಂದಲೂ ಮೊಟ್ಟೆ ತೇಲುತ್ತದೆ, ಆದರೆ ತೂಕದಲ್ಲಿ ಸುಮಾರು ಎರಡರಷ್ಟು ಬೇಕಾಗುತ್ತದೆ. ಪರೀಕ್ಷೆಗೆ ಡಬ್ಬಿಯಿಂದ ಒಣ ಪುಡಿ ತೆಗೆದು ನೋಡಿ. ಹಸಿ ಮೊಟ್ಟೆ ಅದ್ದಿದ ನೀರಿನ ರುಚಿ ನೋಡಬೇಡಿ.

ಲಕ್ಷಣ: ಮೊಟ್ಟೆ ನೀರಿನ ನಡುವೆ ನಿಂತುಬಿಟ್ಟಿದೆ

ನೋಡುವುದಕ್ಕೆ ಇದು ಬಲು ಚೆಂದ. ಕೆಲವರು ಇದನ್ನೇ ಗುರಿಯಾಗಿಟ್ಟು ಮಾಡುತ್ತಾರೆ. ಆದರೆ ನೀವು ಬಯಸದೆ ಹೀಗಾಗಿದ್ದರೆ ಅದಕ್ಕೆ ಸ್ಪಷ್ಟವಾದ ಅರ್ಥವಿದೆ: ನೀರು ಎರಡು ಪದರವಾಗಿದೆ. ಕೆಳಗೆ ಉಪ್ಪು ಜಾಸ್ತಿ, ಮೇಲೆ ಕಡಿಮೆ.

ಒಂದೇ ಸಮನಾದ ನೀರಿನಲ್ಲಿ ಮೊಟ್ಟೆ ನಡುವೆ ನಿಲ್ಲಬೇಕಾದರೆ ಅದರ ಸಾಂದ್ರತೆಯೂ ನೀರಿನದೂ ಕೂದಲೆಳೆಯಷ್ಟೂ ಬೇರೆಯಾಗಿರಬಾರದು. ಅದು ತಾನಾಗಿ ಒದಗುವುದು ಬಹಳ ಅಪರೂಪ. ಪದರಗಳಿದ್ದಾಗ ಮಾತ್ರ ಮೊಟ್ಟೆ ಸಲೀಸಾಗಿ ನಡುವೆ ನಿಲ್ಲುತ್ತದೆ. ಸ್ವಲ್ಪ ಕೆಳಗಿಳಿದರೆ ಭಾರದ ನೀರು ಮೇಲಕ್ಕೆ ನೂಕುತ್ತದೆ. ಮೇಲೇರಿದರೆ ಹಗುರ ನೀರಿಗೆ ಅದನ್ನು ಹಿಡಿದಿಡಲು ಆಗುವುದಿಲ್ಲ, ಮತ್ತೆ ಇಳಿಯುತ್ತದೆ. ಬೆರಳಿನಿಂದ ಮೊಟ್ಟೆಯನ್ನು ಒಂದು ಸೆಂಟಿಮೀಟರ್ ಒತ್ತಿ ಬಿಡಿ. ಹಳೇ ಜಾಗಕ್ಕೇ ವಾಪಸ್ ಬಂದು ನಿಂತರೆ ಪದರ ಇರುವುದು ಖಚಿತ.

ಇನ್ನೊಂದು ಸುಲಭ ಪರೀಕ್ಷೆ ಕಣ್ಣಿನದು. ಪಾತ್ರೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿದು ನೀರಿನ ಮೂಲಕ ನೋಡಿ. ಪದರಗಳು ಸೇರುವ ಕಡೆ ಗೆರೆ ಅಂಕುಡೊಂಕಾಗಿ, ನಡುಗಿದಂತೆ ಕಾಣುತ್ತದೆ. ಉಪ್ಪುನೀರು ಸಾದಾ ನೀರಿಗಿಂತ ಬೆಳಕನ್ನು ಜಾಸ್ತಿ ಬಾಗಿಸುವುದೇ ಇದಕ್ಕೆ ಕಾರಣ.

ಪರಿಹಾರ ಸರಳ. ಮೊಟ್ಟೆ ತೆಗೆಯಿರಿ, ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಕಲಕಿ. ಸುಮ್ನೆ ಗುಂಡಗೆ ತಿರುಗಿಸಿದರೆ ಪದರಗಳು ತಮ್ಮ ತಮ್ಮ ಜಾಗದಲ್ಲೇ ಸುತ್ತುತ್ತವೆ, ಬೇಗ ಬೆರೆಯುವುದಿಲ್ಲ. ಹಾಗೇ ಬಿಟ್ಟರೆ ತಾನೇ ಬೆರೆಯುತ್ತದೆ ಅಂತ ಕಾಯಬೇಡಿ. ಅಲುಗದ ನೀರಿನಲ್ಲಿ ಉಪ್ಪು ಒಂದು ದಿನಕ್ಕೆ ಹರಡುವುದು ಒಂದೆರಡು ಸೆಂಟಿಮೀಟರ್ ಅಷ್ಟೇ.

ಲಕ್ಷಣ: ಬೇಕೆಂದೇ ಪದರ ಮಾಡಿದೆ, ಆದರೆ ಬೆರೆತುಹೋಯಿತು

ಉಪ್ಪುನೀರಿನ ಮೇಲೆ ಬಣ್ಣದ ಸಾದಾ ನೀರು ಹಾಕಿದ ಕೂಡಲೇ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದರೆ, ತಪ್ಪು ಸುರಿಯುವ ರೀತಿಯಲ್ಲಿದೆ. ಚಮಚದ ಬೆನ್ನನ್ನು ನೀರಿನ ಮೇಲ್ಮೈಗೆ ತಾಗಿಸಿ ಹಿಡಿದು, ಅದರ ಮೇಲೆ ಸಣ್ಣ ಧಾರೆಯಾಗಿ ಬಿಡಿ. ಮೊದಲ ಒಂದು ಸೆಂಟಿಮೀಟರ್ ಮಾತ್ರ ನಾಜೂಕು. ಅಷ್ಟು ದಪ್ಪದ ಪದರ ಕೂತ ಮೇಲೆ ಸ್ವಲ್ಪ ಧೈರ್ಯವಾಗಿ ಸುರಿಯಬಹುದು.

ಕೈ ನಡುಗುವ ಪುಟ್ಟ ಮಕ್ಕಳ ಜೊತೆ ಮಾಡುವುದಾದರೆ ತಿರುಗಾ ಮುರುಗಾ ಮಾಡಿ. ಮೊದಲು ಸಾದಾ ನೀರು ತುಂಬಿ. ಆಮೇಲೆ ಆಲಿಕೆಗೆ ಉದ್ದ ಕೊಳವೆ ಸಿಕ್ಕಿಸಿ, ಕೊಳವೆಯ ತುದಿ ಪಾತ್ರೆಯ ತಳ ಮುಟ್ಟುವಂತೆ ಹಿಡಿದು, ಅದರೊಳಗೆ ಉಪ್ಪುನೀರು ಬಿಡಿ. ಭಾರದ ನೀರು ತಳದಲ್ಲೇ ಹರಡಿಕೊಂಡು ಸಾದಾ ನೀರನ್ನು ಮೇಲಕ್ಕೆ ಎತ್ತುತ್ತದೆ. ನನಗಂತೂ ಈ ವಿಧಾನವೇ ಇಷ್ಟ. ಭಾರ ಯಾವುದು, ಹಗುರ ಯಾವುದು ಅನ್ನುವುದು ಕಣ್ಣೆದುರೇ ನಡೆಯುತ್ತದೆ.

ಲಕ್ಷಣ: ಉಪ್ಪು ಹಾಕುವ ಮೊದಲೇ ತೇಲುತ್ತಿದೆ

ಮೊಟ್ಟೆ ಹಳೆಯದು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳಿಂದ ಒಳಗಿನ ನೀರಿನಂಶ ಆವಿಯಾಗಿ ಹೋಗುತ್ತದೆ, ಅಗಲ ತುದಿಯಲ್ಲಿರುವ ಗಾಳಿಯ ಗೂಡು ದೊಡ್ಡದಾಗುತ್ತದೆ. ಗಾತ್ರ ಅಷ್ಟೇ, ತೂಕ ಕಡಿಮೆ. ತಳದಲ್ಲಿ ಅಡ್ಡ ಮಲಗಿದ್ದರೆ ತಾಜಾ. ತಳ ಬಿಡದೆ ಅಗಲ ತುದಿ ಮೇಲಾಗಿ ನಿಂತಿದ್ದರೆ ಕೆಲವು ವಾರಗಳದು, ಅದಕ್ಕೆ ಉಪ್ಪು ಕಡಿಮೆ ಸಾಕು. ಪೂರ್ತಿ ತೇಲಿದರೆ ಈ ಪ್ರಯೋಗಕ್ಕೆ ಬೇಡ. ಒಡೆದು ನೋಡುವ ಕುತೂಹಲವೂ ಬೇಡ. ಕೊಳೆತಿದ್ದರೆ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಕವರಿನಲ್ಲಿ ಸುತ್ತಿ ಎಸೆಯಿರಿ.

ಮೊಟ್ಟೆ ತಾಜಾ ಅಂತ ನಿಮಗೆ ಖಾತ್ರಿ ಇದ್ದರೆ ಪಾತ್ರೆಯನ್ನೇ ಅನುಮಾನಿಸಿ. ಹಿಂದಿನ ಸಲದ ಉಪ್ಪುನೀರು ಉಳಿದಿರಬಹುದು. ತೊಳೆದು ಹೊಸ ನೀರು ಹಾಕಿ ನೋಡಿ.

ಲಕ್ಷಣ: ಮೊದಲು ಮುಳುಗಿತ್ತು, ಅರ್ಧ ಗಂಟೆ ಬಿಟ್ಟು ತಾನೇ ಮೇಲೆ ಬಂತು

ಚಿಪ್ಪಿನ ಮೇಲೆ ಗುಳ್ಳೆಗಳಿವೆಯೇ ನೋಡಿ. ನಲ್ಲಿ ನೀರಿನಲ್ಲಿ ಗಾಳಿ ಕರಗಿರುತ್ತದೆ. ತಣ್ಣನೆಯ ನೀರು ಕೋಣೆಯ ಬಿಸಿಗೆ ಬರುತ್ತಿದ್ದಂತೆ ಆ ಗಾಳಿ ಹೊರಬಂದು ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಎರಡು ಮಿಲಿಮೀಟರ್ ಅಗಲದ 50 ಗುಳ್ಳೆ ಸೇರಿದರೆ ಸುಮಾರು 0.2 ಮಿಲಿಲೀಟರ್ ಆಗುತ್ತದೆ, ಅಂದರೆ 0.2 ಗ್ರಾಂ ಎತ್ತುವ ಬಲ. ಮಾಮೂಲಿ ಹೊತ್ತಿನಲ್ಲಿ ಇದು ಏನೂ ಅಲ್ಲ. ಮೊಟ್ಟೆ ತೇಲುವ ಅಂಚಿನಲ್ಲಿದ್ದರೆ ಮಾತ್ರ ಇಷ್ಟೇ ಸಾಕು. ಬೆರಳಿನಿಂದ ಸವರಿ ಗುಳ್ಳೆ ಬಿಡಿಸಿ. ಮತ್ತೆ ಮುಳುಗಿದರೆ ಕಾರಣ ಸಿಕ್ಕಿತು ಅಲ್ವಾ! ಇನ್ನು ಮುಂದೆ ನೀರನ್ನು ಕೆಲವು ಗಂಟೆ ತೆರೆದಿಟ್ಟು ಬಳಸಿ.

ಗುಳ್ಳೆಗಳಿಲ್ಲದಿದ್ದರೆ, ತಳದಲ್ಲಿ ಉಳಿದಿದ್ದ ಉಪ್ಪು ನಿಧಾನವಾಗಿ ಕರಗಿ ಅಲ್ಲಿನ ನೀರು ಭಾರವಾಗಿದೆ ಅಂತ ಅರ್ಥ. ಕಲಕಿ ನೋಡಿ.

ಲಕ್ಷಣ: ತೇಲುತ್ತಿದೆ, ಆದರೆ ತುದಿ ಮಾತ್ರ ಕಾಣುತ್ತಿದೆ

ಇದು ದೋಷವೇ ಅಲ್ಲ. ಉಪ್ಪು ಪೂರ್ತಿ ತುಂಬಿದ ನೀರಿನಲ್ಲೂ ತಾಜಾ ಮೊಟ್ಟೆಯ ಹತ್ತರಲ್ಲಿ ಒಂಬತ್ತು ಪಾಲು ಒಳಗೇ ಇರುತ್ತದೆ.

ಲಕ್ಷಣ: ನೀರು ಬೆಳ್ಳಗೆ ಮಸುಕಾಗಿದೆ

ಪುಡಿ ಉಪ್ಪು ಗಂಟು ಕಟ್ಟದಿರಲಿ ಅಂತ ಬೆರೆಸುವ ಪದಾರ್ಥ ನೀರಿನಲ್ಲಿ ಕರಗುವುದಿಲ್ಲ. ಮಸುಕು ಅದರಿಂದ. ತೇಲುವುದಕ್ಕೆ ಅಡ್ಡಿಯಿಲ್ಲ. ಒಂದು ರಾತ್ರಿ ಬಿಟ್ಟು ಮೇಲಿನ ತಿಳಿ ಬಸಿದುಕೊಳ್ಳಬಹುದು. ಆದರೆ ಮೊಟ್ಟೆ ಹಾಕಿದ ಮೇಲೆ ಬಿಳಿ ಎಳೆಗಳು ಕಂಡರೆ ವಿಷಯ ಬೇರೆ. ಚಿಪ್ಪು ಬಿರಿದು ಲೋಳೆ ಹೊರಬರುತ್ತಿದೆ. ಪ್ರಯೋಗ ಅಲ್ಲಿಗೇ ನಿಲ್ಲಿಸಿ, ನೀರು ಚೆಲ್ಲಿ, ಪಾತ್ರೆಯನ್ನು ಸೋಪು ಹಾಕಿ ತೊಳೆಯಿರಿ.

ಎಲ್ಲ ನೋಡಿದ ಮೇಲೂ ಗೊತ್ತಾಗದಿದ್ದರೆ: ಅಳೆದು ನೋಡುವುದು

ಇದಕ್ಕೆ ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ಸ್ವಲ್ಪ ತಾಳ್ಮೆಯೂ ಬೇಕು. ಊಹೆ ಬಿಟ್ಟು ಅಂಕಿಗೆ ಬರುವುದು ಇಲ್ಲಿಂದಲೇ, ಹಾಗಾಗಿ ಮಕ್ಕಳಿದ್ದರೆ ಖಂಡಿತ ಅವರ ಕೈಯಲ್ಲೇ ಮಾಡಿಸಿ.

ಮೊದಲು ನೀರನ್ನು ಪರೀಕ್ಷಿಸಿ. ಸಣ್ಣ ಬಾಟಲಿಯೊಂದನ್ನು ಖಾಲಿ ತೂಗಿ. ಸಾದಾ ನೀರನ್ನು ಬಾಯಿವರೆಗೆ ತುಂಬಿ ತೂಗಿ. ಅದನ್ನು ಚೆಲ್ಲಿ, ಉಪ್ಪುನೀರನ್ನು ಅಷ್ಟೇ ತುಂಬಿ ತೂಗಿ. ಎರಡರಿಂದಲೂ ಬಾಟಲಿಯ ತೂಕ ಕಳೆದು, ಉಪ್ಪುನೀರಿನ ತೂಕವನ್ನು ಸಾದಾ ನೀರಿನ ತೂಕದಿಂದ ಭಾಗಿಸಿ. ಸಾದಾ ನೀರು 200 ಗ್ರಾಂ, ಉಪ್ಪುನೀರು 214 ಗ್ರಾಂ ಬಂದರೆ ಸಾಂದ್ರತೆ 1.07.

ಮುಂದೆ ಮೊಟ್ಟೆ. ಅದನ್ನು ತೂಗಿ ಬರೆದಿಡಿ, 58 ಗ್ರಾಂ ಅಂತಿಟ್ಟುಕೊಳ್ಳಿ. ಸಾದಾ ನೀರಿರುವ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಮೊಟ್ಟೆಯನ್ನು ತೆಳು ಬಲೆಯ ತುಂಡಿನಲ್ಲಿ ಸುತ್ತಿ, ದಾರ ಕಟ್ಟಿ, ನೀರಿನೊಳಗೆ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು. ಮೊಟ್ಟೆ ನಿಮ್ಮ ಕೈಯಲ್ಲೇ ತೂಗುತ್ತಿದ್ದರೂ ತಕ್ಕಡಿ ಸೊನ್ನೆ ಬಿಟ್ಟು ಮೇಲೇರುತ್ತದೆ. ನೀರು ಮೊಟ್ಟೆಯನ್ನು ಎಷ್ಟು ಬಲದಿಂದ ಮೇಲಕ್ಕೆ ನೂಕುತ್ತದೋ, ಮೊಟ್ಟೆ ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತದೆ. ತಕ್ಕಡಿ ತೋರಿಸುವುದು ಆ ಬಲವನ್ನು. 54 ಬಂತು ಅನ್ನಿ. ಅಂದರೆ ಮೊಟ್ಟೆಯ ಗಾತ್ರ 54 ಮಿಲಿಲೀಟರ್. 58ನ್ನು 54ರಿಂದ ಭಾಗಿಸಿದರೆ 1.074, ಇದೇ ಮೊಟ್ಟೆಯ ಸಾಂದ್ರತೆ. 1.07ರ ಉಪ್ಪುನೀರಿನಲ್ಲಿ ಇದು ಯಾಕೆ ತೇಲಲಿಲ್ಲ ಅಂತ ಈಗ ತಿಳಿಯಿತಲ್ಲ. ಇನ್ನೊಂದು ಚಮಚ ಉಪ್ಪು ಬೇಕಿತ್ತು, ಅಷ್ಟೇ. ತಕ್ಕಡಿ ಇಡೀ ಗ್ರಾಂ ಮಾತ್ರ ತೋರಿಸುವುದಾದರೆ ಈ ಲೆಕ್ಕದಲ್ಲಿ ನೂರಕ್ಕೆ ಒಂದರಷ್ಟು ಹೆಚ್ಚುಕಡಿಮೆ ಇರುತ್ತದೆ, ನೆನಪಿರಲಿ.

ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಮೊಟ್ಟೆ ಹೊರಗೆ ತೆಗೆದು, ಉಪ್ಪು ಹಾಕಿ ಕರಗಿಸಿ, ಮತ್ತೆ ಸೊನ್ನೆ ಮಾಡಿ, ಮೊಟ್ಟೆ ಇಳಿಬಿಡಿ. ನೂರಕ್ಕೆ 5 ಪಾಲು ಉಪ್ಪಿನ ನೀರಿನಲ್ಲಿ 54 ಇದ್ದದ್ದು ಸುಮಾರು 56 ಆಗುತ್ತದೆ. ಉಪ್ಪು ಏರಿದಂತೆ ಅಂಕಿ 58ರತ್ತ ಸಾಗುತ್ತದೆ. 58 ಮುಟ್ಟಿದ ಗಳಿಗೆ ದಾರ ಸಡಿಲವಾಗುತ್ತದೆ. ಮೊಟ್ಟೆಯ ತೂಕವನ್ನೆಲ್ಲ ನೀರೇ ಹೊತ್ತಿದೆ. ತೇಲುವುದು ಅಂದರೆ ಏನು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕ್ಷಣ ಇಡೀ ಪ್ರಯೋಗದಲ್ಲಿ ಇನ್ನೊಂದಿಲ್ಲ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಅಳೆದಾಗ ನೀರಿನ ಸಾಂದ್ರತೆ ಮೊಟ್ಟೆಗಿಂತ ಸ್ಪಷ್ಟವಾಗಿ ಜಾಸ್ತಿ ಇದ್ದು, ಆದರೂ ಮೊಟ್ಟೆ ಮುಳುಗಿದ್ದರೆ ಅಳತೆಯಲ್ಲೇ ತಪ್ಪಿದೆ. ತೂಕ ಗೊತ್ತಿರುವ ಸೀಲ್ ಮಾಡಿದ ಪೊಟ್ಟಣವೊಂದನ್ನು ಇಟ್ಟು ತಕ್ಕಡಿ ಸರಿಯಿದೆಯೇ ನೋಡಿ. ಅಲ್ಲಿಗೂ ಬಗೆಹರಿಯದಿದ್ದರೆ ಬರೆದಿಟ್ಟ ಅಂಕಿಗಳನ್ನು ವಿಜ್ಞಾನದ ಶಿಕ್ಷಕರಿಗೆ ತೋರಿಸಿ. ಅಂಕಿ ಇದ್ದರೆ ಅವರು ಬೇಗ ಹಿಡಿಯುತ್ತಾರೆ. ಬರೀ "ತೇಲಲಿಲ್ಲ" ಅಂದರೆ ಅವರಿಗೂ ಕಷ್ಟ.

ಹಸಿ ಮೊಟ್ಟೆಯ ಚಿಪ್ಪಿನ ಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಚಿಕ್ಕ ಮಕ್ಕಳಿದ್ದರೆ ಗಟ್ಟಿಯಾಗಿ ಬೇಯಿಸಿ ಆರಿಸಿದ ಮೊಟ್ಟೆ ಒಳ್ಳೆಯದು, ಇಲ್ಲವೇ ಆಲೂಗಡ್ಡೆಯ ತುಂಡು. ಎರಡೂ ಸಾದಾ ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲುತ್ತವೆ. ಗಾಜಿನ ಬದಲು ಪಾರದರ್ಶಕ ಪ್ಲಾಸ್ಟಿಕ್ ಪಾತ್ರೆ ಬಳಸಿ. ಪ್ರಯೋಗಕ್ಕೆ ಬಳಸಿದ ಮೊಟ್ಟೆಯನ್ನು ತಿನ್ನಬೇಡಿ.

ಉಪ್ಪುನೀರನ್ನು ಕುಡಿಯುವ ನೀರಿನ ಪಕ್ಕದಲ್ಲಿ ಇಡಬೇಡಿ. ನೋಡಲು ಎರಡೂ ಒಂದೇ. ಈ 300 ಮಿಲಿಲೀಟರಿನಲ್ಲಿ 40 ಗ್ರಾಂ ಉಪ್ಪಿದೆ, ಮಗು ಕುಡಿದರೆ ನಿಜಕ್ಕೂ ಅಪಾಯ. ಒಂದು ಗುಟುಕು ಬಾಯಿಗೆ ಹೋದರೆ ಉಗುಳಿಸಿ, ಸಾದಾ ನೀರು ಕೊಡಿ. ಅದಕ್ಕಿಂತ ಜಾಸ್ತಿ ಕುಡಿದಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ವಾಂತಿ, ವಿಪರೀತ ಬಾಯಾರಿಕೆ, ಮಂಪರು ಅಥವಾ ಸೆಳೆತ ಕಂಡರೆ ಅದು ತುರ್ತು ಸ್ಥಿತಿ.

ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಹಾಗಾಗಿ ಪ್ಲಗ್ ಮತ್ತು ಚಾರ್ಜರುಗಳಿಂದ ದೂರ ಕೂತು ಮಾಡಿ. ಮುಗಿದ ಮೇಲೆ ಆ ನೀರನ್ನು ಗಿಡಗಳಿಗೆ ಹಾಕಬೇಡಿ, ಬೇರು ಒಣಗುತ್ತದೆ. ಬಚ್ಚಲಿಗೆ ಚೆಲ್ಲಿ ಮೇಲಿನಿಂದ ಒಂದಿಷ್ಟು ಸಾದಾ ನೀರು ಬಿಡಿ. ಲೋಹದ ಚಮಚವನ್ನೂ ಆಗಲೇ ತೊಳೆದು ಒರೆಸಿಡಿ, ಉಪ್ಪು ಉಳಿದರೆ ತುಕ್ಕು ಹಿಡಿಯುತ್ತದೆ.